ತಲೆಬುಡವಿಲ್ಲದ ಪಿನ್ನು

ಪುನ್ನೈಕುಳಂ
2 ಡಿಸೆಂಬರ್ 2024

ವಡಿವು ಅವರಿಗೆ,

ಜೆಸಿಂತಾ ಬರೆಯುವ ಕಾಗದ. ನಾಲ್ಕು ವರ್ಷದ ಮೇಲೆ ನನ್ನ ಹೆಸರು ಸಿಕ್ಕಿ ನಿಮ್ಮ ಬೆರಳು ಅಲ್ಲೇ ನಿಂತಿರಬಹುದು. ಕುಶಲ ಕೇಳಲು ಬರೆದದ್ದಲ್ಲ, ಒಂದು ಕೆಲಸವಿದೆ. ಕುರುಡರ ಕಂಪ್ಯೂಟರಿನ ವಿಷಯ ತಿಳಿದವರು ಇನ್ನೊಬ್ಬರು ನನಗೆ ಗೊತ್ತಿದ್ದರೆ ಅವರಿಗೇ ಬರೆಯುತ್ತಿದ್ದೆ.

ನಮ್ಮೂರಿನಲ್ಲಿ ಮೀನುಗಾರರ ಬಾನುಲಿ ನಿಲಯವೊಂದಿದೆ. ದಿನಾ ಸಂಜೆ ಆರಕ್ಕೆ ಮಾರನೆಯ ದಿನದ ಕಡಲ ವರದಿ ಓದುತ್ತಾರೆ. ಗಾಳಿ ಯಾವುದು, ಅಲೆ ಎಷ್ಟೆತ್ತರ, ದೋಣಿ ಇಳಿಸಬಹುದೋ ಬಾರದೋ, ಇಷ್ಟೇ. ಇಷ್ಟು ದಿನ ಓದುತ್ತಿದ್ದ ಹಿರಿಯರ ಗಂಟಲು ಕೆಟ್ಟಿದೆ. ನಿಲಯ ನೋಡಿಕೊಳ್ಳುವ ಅಮಲೋರ್ ಅಕ್ಕ ನಾನು ಚರ್ಚಿನಲ್ಲಿ ಬೈಬಲ್ ಓದುವುದನ್ನು ಕೇಳಿದ್ದರು. ಒಂದು ಸಂಜೆ ನೀನು ಓದು, ನೋಡೋಣ ಎಂದಿದ್ದಾರೆ. ಫೆಬ್ರವರಿ ಹದಿನಾರು, ಭಾನುವಾರ. ಸರಿಹೋದರೆ ಕೆಲಸ ನನ್ನದು. ಇಲ್ಲದಿದ್ದರೆ ನಾಲ್ಕು ವರ್ಷದಿಂದ ಮಾಡುತ್ತಿರುವ ಕೆಲಸ ಇದ್ದೇ ಇದೆ, ಅಪ್ಪನ ಹರಿದ ಬಲೆ ಹೆಣೆಯುವುದು. ನಿಲಯದ ಸಮಿತಿಯ ಹಿರಿಯ ಮಿಕ್ಕೇಲ್ ಅಣ್ಣಾಚಿಗೆ ಇದು ಬಿಲ್ಕುಲ್ ಒಪ್ಪಿಗೆಯಿಲ್ಲ. "ಕಡಲನ್ನೇ ಕಾಣದೋಳು ಕಡಲು ಹಿಂಗಿದೆ ಅಂದ್ರೆ ಯಾರು ನಂಬಿ ದೋಣಿ ಇಳಿಸ್ತಾರೆ?" ಎಂದು ಎಲ್ಲರೆದುರಿಗೆ ಕೇಳಿದ್ದಾರೆ.

ವರದಿ ಬರುವುದು ಆರಕ್ಕೆ ಹತ್ತೇ ನಿಮಿಷ ಮುಂಚೆ, ಅದೂ ನಿಲಯದ ಲ್ಯಾಪ್‌ಟಾಪಿಗೆ. ಕಂಪ್ಯೂಟರ್ ಹೇಳುವುದನ್ನು ಕಿವಿಗೆ ಹಾಕಿಕೊಂಡು ಕೇಳುತ್ತ ಓದೋಣವೆಂದರೆ ಎರಡು ದನಿ ಕಲಸಿಹೋಗುತ್ತವೆ. ಒಂದು ಟ್ರಸ್ಟಿನವರು ನನಗೆ ಹೊಸ ಬ್ರೈಲ್ ಪಟ್ಟಿ ಕೊಟ್ಟಿದ್ದಾರೆ, ಪರದೆಯ ಅಕ್ಷರ ಬೆರಳಿನ ಕೆಳಗೆ ಚುಕ್ಕಿಯಾಗಿ ಏಳುತ್ತದಲ್ಲ, ಅದು. ಅದರ ತಂತಿ ಪಟ್ಟಿಗೇ ಅಂಟಿಕೊಂಡಿದೆ, ಬಿಚ್ಚಲು ಬರುವುದಿಲ್ಲ, ತುದಿಯಲ್ಲಿ ಹೊಸ ಕಾಲದ ಸಿ ಪಿನ್ನು. ನಿಲಯದ ಲ್ಯಾಪ್‌ಟಾಪ್ ಓಬೀರಾಯನ ಕಾಲದ್ದು, ಅದಕ್ಕಿರುವುದು ಅಗಲದ ಯುಎಸ್‌ಬಿ ತೂತು ಮಾತ್ರ. ಬ್ಲೂಟೂತ್ ಸತ್ತು ವರ್ಷಗಳಾದವಂತೆ. ನಡುವೆ ಒಂದು ಅಡಾಪ್ಟರ್ ಬೇಕು. ಯಾವುದು, ಅಂಗಡಿಯಲ್ಲಿ ಏನೆಂದು ಕೇಳಬೇಕು, ಬರೆಯಿರಿ.

ಫೋನ್ ಮಾಡಬೇಡಿ. ನಿಮ್ಮ ನಂಬರನ್ನು ತಡೆದಿಟ್ಟಿದ್ದೇನೆ, ತೆಗೆಯುವುದಿಲ್ಲ. ಬ್ರೈಲಿನಲ್ಲೇ ಬರೆಯಿರಿ. ಈ ಮನೆಯಲ್ಲಿ ಅದನ್ನು ನನ್ನ ಹೊರತು ಯಾರೂ ಓದಲಾರರು.

ಇಂತಿ,
ಜೆ. ಜೆಸಿಂತಾ


ಮದುರೈ
9 ಡಿಸೆಂಬರ್ 2024

ಜೆಸೀ,

"ಅವರಿಗೆ", "ಬರೆಯಿರಿ", "ಮಾಡಬೇಡಿ"! ಒಂದೇ ತಟ್ಟೆಯಲ್ಲಿ ಪರೋಟ ಹರಿದು ತಿಂದವಳಿಗೆ ಇಷ್ಟೊಂದು ಮರ್ಯಾದೆ ಕೊಟ್ಟರೆ ಅರಗುವುದಿಲ್ಲ ಕಣೇ. ಆದರೂ ಕೊಡು, ನನಗೆ ಆಗಬೇಕಾದ್ದೇ. ನಿನ್ನ ಲಕೋಟೆಯ ಮೇಲಿನ ಚುಕ್ಕಿ ಮುಟ್ಟಿದ ಕೂಡಲೇ ನಿನ್ನ ಕೈ ಎಂದು ಗೊತ್ತಾಯಿತು. ಈಗಲೂ ಗೋಡೆಗೆ ಮೊಳೆ ಹೊಡೆದ ಹಾಗೇ ಚುಚ್ಚುತ್ತೀಯ.

ಕೆಲಸದ ಮಾತು ಮೊದಲು. ಈ ವ್ಯಾಪಾರದಲ್ಲಿ ಗಂಡು ಹೆಣ್ಣು ಅಂತ ಉಂಟು. ಒಳಗೆ ಹೋಗುವ ಪಿನ್ನು ಗಂಡು, ಒಳಗೆ ಬಿಟ್ಟುಕೊಳ್ಳುವ ತೂತು ಹೆಣ್ಣು. ನಗಬೇಡ, ಇಡೀ ಪೇಟೆ ಹಾಗೇ ಅನ್ನುತ್ತದೆ. ನಿನ್ನ ಪಟ್ಟಿಯ ಸಿ ಗಂಡು, ಲ್ಯಾಪ್‌ಟಾಪಿನದು ಅಗಲದ ಹೆಣ್ಣು. ಹಾಗಾಗಿ ನಡುವೆ ಬೇಕಾದ್ದು ಒಂದು ತುದಿ ಅಗಲದ ಗಂಡು, ಇನ್ನೊಂದು ತುದಿ ಸಿ ಹೆಣ್ಣು. ಅಂಗಡಿಯಲ್ಲಿ "ಸಿ ಹೆಣ್ಣು ಕೊಡಿ" ಎಂದೇ ಕೇಳಬೇಕು. ಬರೀ "ಸಿ ಅಡಾಪ್ಟರ್" ಎಂದರೆ ಉಲ್ಟಾ ಜಾತಿಯದ್ದು ಕೊಡುತ್ತಾರೆ, ಫೋನಿಗೆ ಪೆನ್‌ಡ್ರೈವ್ ಸಿಕ್ಕಿಸುವಂಥದ್ದು. ಅದು ನಿನಗೆ ಮೂರು ಕಾಸಿಗೂ ಪ್ರಯೋಜನವಿಲ್ಲ.

ಅಷ್ಟು ಮಾಡಿದರೆ ಮುಗಿಯಿತು. ಸಿ ಪಿನ್ನನ್ನು ದೇವರು ನಮಗಾಗಿಯೇ ಮಾಡಿಸಿದ್ದಾನೆ. ಅಗಲದ್ದಾದರೆ ಮೇಲೆ ಯಾವುದು ಕೆಳಗೆ ಯಾವುದು ಎಂದು ಸವರಿ ಸವರಿ ಉಗುರು ಸವೆಯಬೇಕು. ಸಿಗೆ ತಲೆಬುಡವೇ ಇಲ್ಲ. ಹೇಗೆ ಸಿಕ್ಕಿಸಿದರೂ ಸರಿ. ಇಲ್ಲಿ ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನ ಹೇಳಿಕೊಡುವ ಪಾಠವೇ ಇದು.

ನಾನು ಟಕಟಕ ಚುಚ್ಚುತ್ತಿದ್ದರೆ ಅತ್ತೆ ಬಂದು ಯಾರಿಗೆ ಇಷ್ಟುದ್ದ ಎಂದು ಕೇಳಿದರು. ಗೆಳತಿಗೆ ಎಂದೆ. ಇಷ್ಟು ವರ್ಷ ಎಲ್ಲಿದ್ದಳು ಆ ಗೆಳತಿ ಎಂದರು. ಅನ್ನಕ್ಕೆ ನೀರಿಟ್ಟಿದ್ದೀರಾ ಎಂದು ಕೇಳಿ ಮಾತು ಬದಲಿಸಿದೆ.

ಇನ್ನೊಂದು ವಿಷಯ ಬರೆಯಬೇಕೆಂದಿದ್ದೆ. ಹಾಳೆ ಮುಗಿಯಿತು.

ನಿನ್ನ
ವಡಿವು


ಪುನ್ನೈಕುಳಂ
8 ಜನವರಿ 2025

ವಡಿವು,

ನೀನು ಬರೆದದ್ದನ್ನು ಅಪ್ಪನಿಗೆ ಮೂರು ಸಲ ಬಾಯಿಪಾಠ ಮಾಡಿಸಿ ತೂತ್ತುಕುಡಿಗೆ ಕಳಿಸಿದೆ. "ಅಗಲದ ಗಂಡು, ಸಿ ಹೆಣ್ಣು" ಎಂದು ಬಸ್ ನಿಲ್ದಾಣದವರೆಗೂ ಜಪ ಮಾಡುತ್ತ ಹೋದರು. ಕ್ರಿಸ್‌ಮಸ್ಸಿನ ಗದ್ದಲ. ಅಂಗಡಿಯ ಕೌಂಟರಿನಲ್ಲಿ ಇಬ್ಬರು ಹುಡುಗಿಯರು ಕೂತಿದ್ದರಂತೆ. ಅರವತ್ತೆರಡು ವಯಸ್ಸಿನ ಗಂಡಸು ಹುಡುಗಿಯರ ಎದುರು ನಿಂತು ಹೆಣ್ಣು ಕೊಡಿ ಎಂದು ಹೇಗೆ ಕೇಳುವುದು? "ಆ ಸಿ ಸಾಮಾನು ಒಂದು ಕೊಡಮ್ಮ" ಎಂದಷ್ಟೇ ಹೇಳಿ, ಕೊಟ್ಟದ್ದನ್ನು ಅಂಗಿ ಜೇಬಿಗೆ ಹಾಕಿಕೊಂಡು ಬಂದರು. ಮುಟ್ಟಿ ನೋಡಿದರೆ ನೀನು ಹೇಳಿದ ಉಲ್ಟಾ ಜಾತಿ. ಗಂಡಿಗೆ ಗಂಡು ಎದುರುಬದುರು.

ಅಮ್ಮ ನಕ್ಕೂ ನಕ್ಕೂ ಸಾಕಾಗಿ, "ಐದು ಮಕ್ಳ ಅಪ್ಪ, ಈಗ ಬಂತಾ ನಾಚಿಕೆ?" ಎಂದು ಅಪ್ಪನನ್ನು ಗೋಳು ಹೊಯ್ದುಕೊಂಡಳು. ನಾನೂ ನಕ್ಕೆ. ಆಮೇಲೆ ಹೆದರಿಕೆಯಾಯಿತು. ಇನ್ನು ಐದೂವರೆ ವಾರ. ಮತ್ತೆ ಕಳಿಸೋಣವೆಂದರೆ ಅಪ್ಪ ಆ ಬೀದಿಗೇ ಹೋಗುವುದಿಲ್ಲ ಎನ್ನುತ್ತಿದ್ದಾರೆ.

ನಿಲಯದ ಯಂತ್ರಗಳನ್ನು ನೋಡಿಕೊಳ್ಳುವ ಸವೇರಿಯಾರ್ ಪೆನ್‌ಡ್ರೈವಿನಿಂದ ಪರದೆ ಓದುವ ತಂತ್ರಾಂಶ ಹಾಕಿಕೊಟ್ಟಿದ್ದಾನೆ. ಒಳ್ಳೆಯ ಹುಡುಗ, ಆದರೆ ಪ್ರತಿ ಸಲವೂ "ಅಕ್ಕಾ, ಈ ಲ್ಯಾಪ್‌ಟಾಪ್ ಯಾವಾಗ ಪ್ರಾಣ ಬಿಡುತ್ತೋ" ಎನ್ನುತ್ತಾನೆ. ಮಿಕ್ಕೇಲ್ ಅಣ್ಣಾಚಿ ಆಗಲೇ ತನ್ನ ತಮ್ಮನ ಮಗನ ದನಿಯನ್ನು ಅಮಲೋರ್ ಅಕ್ಕನಿಗೆ ಕೇಳಿಸಿದ್ದಾರಂತೆ.

ನೀನೇ ಒಂದು ಕೊಂಡು ಕಳಿಸು. ಕೇಳಲು ಇಷ್ಟವಿಲ್ಲ, ಕೇಳುತ್ತಿದ್ದೇನೆ.

ಜೆಸಿಂತಾ


ಮದುರೈ
20 ಜನವರಿ 2025

ಜೆಸೀ,

ನಿನ್ನಪ್ಪನಿಗೆ ನನ್ನ ನಮಸ್ಕಾರ ಹೇಳು. ಇಂಥ ಮಾನವಂತರು ಈಗ ಎಲ್ಲಿದ್ದಾರೆ!

ಅಡಾಪ್ಟರ್ ಕೊರಿಯರಿನಲ್ಲಿ ಬೇರೆಯಾಗಿ ಬರುತ್ತದೆ. ಕುರುಡರ ಕಾಗದವೆಂದು ಅಂಚೆಯವರು ಬಿಟ್ಟಿಯಾಗಿ ಒಯ್ಯುವ ಲಕೋಟೆಯಲ್ಲೇ ಅದನ್ನೂ ತುರುಕಿಬಿಡೋಣ ಅನ್ನಿಸಿತ್ತು, ಸಿಕ್ಕಿಬಿದ್ದರೆ ಮುಂದಿನ ಕಾಗದಕ್ಕೂ ಕಲ್ಲು ಬೀಳುತ್ತದೆಂದು ಬಿಟ್ಟೆ. ಅಂಗಡಿಗೆ ನಾನೇ ಹೋಗಿದ್ದೆ, ಇನ್ನೊಬ್ಬರ ಕೈಗೆ ಬಿಡಲಿಲ್ಲ. ಒಂದೇ ಥರದ್ದು ಎರಡು ಕೊಂಡೆ, ನಿನಗೊಂದು ನನಗೊಂದು. ಮನೆಗೆ ತಂದು ನಿನ್ನದನ್ನು ನನ್ನ ಹಳೆಯ ಲ್ಯಾಪ್‌ಟಾಪಿಗೆ ಹಾಕಿ, ನನ್ನ ಪಟ್ಟಿಯನ್ನು ಸಿಕ್ಕಿಸಿ, ಒಂದು ಪುಟ ಪೂರ್ತಿ ಓದಿದೆ. ಹತ್ತು ಸಲ ತೆಗೆದು ಹತ್ತು ಸಲ ಹಾಕಿದೆ. ಒಂದು ಸಲವೂ ಕೈಕೊಡಲಿಲ್ಲ. ಕಣ್ಣು ಮುಚ್ಚಿಕೊಂಡು ನಂಬು. ಅದು ನಮಗೆ ಕಷ್ಟದ ಕೆಲಸವೇನಲ್ಲ.

ಮತ್ತೆ ಹೇಳುತ್ತೇನೆ, ಅಗಲದ ತುದಿಗೆ ಮಾತ್ರ ಮೇಲೆ ಕೆಳಗೆ ನೋಡಿಕೋ. ಸಿ ತುದಿಯ ಚಿಂತೆ ಬೇಡ.

ಕಳೆದ ಸಲ ಹಾಳೆ ಮುಗಿದದ್ದು ನೆಪ. ಆ ಪರೀಕ್ಷೆಯ ದಿನದ ಬಗ್ಗೆ ಬರೆಯಬೇಕೆಂದಿದ್ದೆ. ನಿನಗೆ ಉತ್ತರ ಬರೆದುಕೊಡಬೇಕಾಗಿದ್ದ ಬ್ಯೂಲಾಳನ್ನು ಅಧಿಕಾರಿಗಳೇ ನನಗೆ ಹಾಕಿಕೊಟ್ಟರು. ಆಗಲೂ ಹೇಳಿದ್ದೆ, ಈಗಲೂ ಅದೇ. ನಾನೇನು ಮಾಡಬಹುದಿತ್ತು ಹೇಳು. ನೀನು ಇನ್ನೂ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆ ದಯವಿಟ್ಟು ಬಿಡು.

ಹದಿನಾರರ ಸಂಜೆ ನಿಮ್ಮ ನಿಲಯವನ್ನು ಫೋನಿನ ಇಂಟರ್ನೆಟ್ಟಿನಲ್ಲಿ ಹಾಕಿಕೊಂಡು ಕೂರುತ್ತೇನೆ. ನನಗೇ ಪರೀಕ್ಷೆ ಇದ್ದಂತೆ ಈಗಿನಿಂದಲೇ ನಿದ್ದೆ ಹತ್ತುತ್ತಿಲ್ಲ.

ನಿನ್ನ
ವಡಿವು


ಪುನ್ನೈಕುಳಂ
11 ಫೆಬ್ರವರಿ 2025

ವಡಿವು,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕಿಸುತ್ತಿದ್ದೇನೆ. ಹದಿನಾಲ್ಕಕ್ಕೆ ಮುಟ್ಟಬೇಕು.

ನೀನು ಕಳಿಸಿದ್ದು ಬಂತು. ಮೊದಲ ದಿನ ಸಿಕ್ಕಿಸಿದ ಕೂಡಲೇ ಚುಕ್ಕಿಗಳು ಎದ್ದವು. ಹಳೆಯ ವರದಿಯೊಂದನ್ನು ಓದಿದೆ. ಬಡಗಣ ವಾಡೈ ಗಾಳಿ, ಅಲೆ ಆರಡಿ, ಎಲ್ಲ ಸಲೀಸು. ಅಮಲೋರ್ ಅಕ್ಕ ಬೆನ್ನು ತಟ್ಟಿದರು. ಮಾರನೆಯ ದಿನ ಸಿಕ್ಕಿಸಿದೆ, ಪಟ್ಟಿ ಎಂದಿನಂತೆ ಗುರ್ ಎಂದು ಎಚ್ಚರವಾಯಿತು, ಚುಕ್ಕಿ ಮಾತ್ರ ಒಂದೂ ಏಳಲಿಲ್ಲ. ಬೆರಳಿನ ಕೆಳಗೆ ಬರೀ ನುಣುಪು. ಹತ್ತು ನಿಮಿಷ ಪರದಾಡಿ ಎಲ್ಲ ಕಿತ್ತು ಮತ್ತೆ ಹಾಕಿದ ಮೇಲೆ ಸರಿಹೋಯಿತು. ಆಮೇಲೆ ಎರಡು ದಿನ ಚೆನ್ನಾಗಿತ್ತು. ನಿನ್ನೆ ಮತ್ತೆ ಅದೇ ಹಣೆಬರಹ. ಮಿಕ್ಕೇಲ್ ಅಣ್ಣಾಚಿ ಬಾಗಿಲಲ್ಲೇ ನಿಂತಿದ್ದರು. ಏನಾದರೂ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಯಾವಾಗ ನಡೆಯುತ್ತದೆ, ಯಾವಾಗ ನಡೆಯುವುದಿಲ್ಲ ಎಂಬುದಕ್ಕೆ ಲೆಕ್ಕವೇ ಸಿಗುತ್ತಿಲ್ಲ. ಲ್ಯಾಪ್‌ಟಾಪಿಗೆ ವಯಸ್ಸಾಗಿದೆ, ಅದರದೇ ತಪ್ಪು ಎನ್ನುತ್ತಾನೆ ಸವೇರಿಯಾರ್. ನೀನು ಏನನ್ನುತ್ತೀ? ಇದು ಹೀಗೇ ಇದ್ದರೆ ಭಾನುವಾರಕ್ಕೆ ನಾನು ಒಲ್ಲೆ ಎನ್ನುತ್ತೇನೆ. ಊರೆಲ್ಲ ಕೇಳುವಾಗ ಬೆರಳ ಕೆಳಗೆ ಖಾಲಿ ಇಟ್ಟುಕೊಂಡು ಕೂರಲಾರೆ. ಕೈಕೊಡುವುದೇ ಆದರೆ ಮೊದಲೇ ತಿಳಿಸಿ ಕೈಕೊಡಲಿ.

ನೀನು ಪರೀಕ್ಷೆಯ ವಿಷಯ ಎತ್ತಿದ್ದೀ, ನಾನೂ ಎತ್ತುತ್ತೇನೆ. ಇಬ್ಬರೂ ಒಂದೇ ಕೋಣೆಯಲ್ಲಿದ್ದು, ನೀನೀಗ ಮಾಡುತ್ತಿರುವ ಆ ಒಂದೇ ಕೆಲಸದ ಪರೀಕ್ಷೆಗೆ ಓದಿದೆವು. ನಾವು ಹೇಳಿದ ಉತ್ತರವನ್ನು ಬರೆಯಲು ಒಬ್ಬೊಬ್ಬ ಹುಡುಗಿಯನ್ನು ಗೊತ್ತು ಮಾಡಿಕೊಂಡಿದ್ದೆವು. ಅವತ್ತು ಜಗಲಿಯ ಬೆಂಚಿನ ಮೇಲೆ ಬ್ಯೂಲಾ ಬರುತ್ತಾಳೆಂದು ಕಾದೆ. ಗಂಟೆ ಹೊಡೆಯಿತು. ಬಾಗಿಲು ಹಾಕಿದರು. ಆಮೇಲೆ ಕಿಟಕಿಯಿಂದ ಬ್ಯೂಲಾಳ ದನಿ ಕೇಳಿತು. "ಪ್ರಶ್ನೆ ಒಂದು" ಎಂದು ಓದುತ್ತಿದ್ದಳು. ಉತ್ತರ ಹೇಳಿದ ದನಿ ನಿನ್ನದು. ಅಧಿಕಾರಿ ಹಾಕಿಕೊಟ್ಟರು ಎಂದೆ. ನಾಲ್ಕು ವರ್ಷದಿಂದ ಅದನ್ನು ನಂಬಲು ಪ್ರಯತ್ನ ಪಡುತ್ತಿದ್ದೇನೆ ವಡಿವು. ಬಲೆಯ ಕಣ್ಣುಗಳನ್ನು ಎಣಿಸುವಾಗಲೂ ಅದೇ ಯೋಚನೆ.

ಉತ್ತರ ಭಾನುವಾರದೊಳಗೆ ಬರುವುದಿಲ್ಲವೆಂದು ಗೊತ್ತು. ಆದರೂ ಬರೆ.

ಜೆಸಿಂತಾ


ಮದುರೈ
14 ಫೆಬ್ರವರಿ 2025

ಜೆಸೀ,

ನಿನ್ನ ಕಾಗದ ಮಧ್ಯಾಹ್ನ ಬಂತು. ತಪ್ಪು ಲ್ಯಾಪ್‌ಟಾಪಿನದಲ್ಲ. ತಪ್ಪು ನಾನು ಕಳಿಸಿದ್ದರದು, ಅದಕ್ಕಿಂತ ಹೆಚ್ಚಾಗಿ ನನ್ನದು.

ಕಾಗದ ಓದಿದವಳೇ ನನ್ನ ಬಳಿ ಇಟ್ಟುಕೊಂಡಿದ್ದ ಇನ್ನೊಂದನ್ನು ತೆಗೆದು ಕೂತೆ. ಇಪ್ಪತ್ತು ಸಲ ಹಾಕಿದೆ, ಇಪ್ಪತ್ತು ಸಲವೂ ನಡೆಯಿತು. ಇಪ್ಪತ್ತೊಂದನೆಯ ಸಲ ಪಿನ್ನು ಜಾರಿ ಕೆಳಗೆ ಬಿತ್ತು. ತಡಕಾಡಿ ಎತ್ತಿ ಹಾಗೇ ಸಿಕ್ಕಿಸಿದೆ. ಪಟ್ಟಿ ಗುರ್ ಎಂದಿತು, ಚುಕ್ಕಿ ಏಳಲಿಲ್ಲ. ಆಗ ಗೊತ್ತಾಯಿತು. ನನ್ನ ತಂತಿಯ ತುದಿಯಲ್ಲಿ ಒಂದು ಉಬ್ಬು ಗುರುತು ಇದೆ. ಹೆಬ್ಬೆರಳು ಅದರ ಮೇಲೆ ಕೂರದೆ ನಾನು ಏನನ್ನೂ ಸಿಕ್ಕಿಸುವುದಿಲ್ಲ. ಅಂದರೆ ಪ್ರತಿ ಸಲವೂ ಒಂದೇ ಮಗ್ಗುಲು. ಹತ್ತು ಸಲ ಪರೀಕ್ಷೆ ಮಾಡಿದೆ ಎಂದು ಬರೆದೆನಲ್ಲ, ಅದು ಒಂದೇ ಸಲ ಮಾಡಿದ ಹಾಗೆ.

ಅಂಗಡಿಯವನಿಗೆ ಫೋನ್ ಮಾಡಿದೆ. ಅಗ್ಗದ ಮಾಲಕ್ಕಾ, ಒಳಗೆ ತಂತಿ ಕಡಿಮೆ ಹಾಕಿರುತ್ತಾರೆ, ಕರೆಂಟು ಎರಡೂ ಮಗ್ಗುಲಿಗೆ ಹೋಗುತ್ತೆ, ಅಕ್ಷರ ಒಂದೇ ಮಗ್ಗುಲಿಗೆ, ಎಂದು ಎಲ್ಲರಿಗೂ ಗೊತ್ತಿರುವ ವಿಷಯದಂತೆ ಹೇಳಿದ. ಕಣ್ಣಿದ್ದವನು ಆಗದಿದ್ದರೆ ತಿರುಗಿಸಿ ಹಾಕುತ್ತಾನೆ. ನೀನು ಯಾಕೆ ತಿರುಗಿಸುತ್ತೀ? ತಲೆಬುಡವಿಲ್ಲ, ಹೇಗೆ ಹಾಕಿದರೂ ಸರಿ ಎಂದು ಎರಡೆರಡು ಕಾಗದದಲ್ಲಿ ಚುಚ್ಚಿ ಕಳಿಸಿದವಳು ನಾನೇ ಅಲ್ಲವೇ.

ತಿರುಗಿಸು ಜೆಸೀ. ಚುಕ್ಕಿ ಏಳದಿದ್ದರೆ ಸಿ ಪಿನ್ನನ್ನು ತೆಗೆದು ಮಗ್ಗುಲು ಬದಲಿಸಿ ಹಾಕು. ಎದ್ದ ಮಗ್ಗುಲಿಗೆ ನಿನಗೆ ಸಿಗುವಂಥ ಗುರುತು ಮಾಡಿಕೋ.

ಈ ಕಾಗದ ಮುಟ್ಟುವುದರೊಳಗೆ ಭಾನುವಾರ ಮುಗಿದಿರುತ್ತದೆ. ನಿನ್ನ ಫೋನಿಗೆ ನನ್ನ ಕರೆ ಹೋಗುವುದಿಲ್ಲ. ನಿಲಯಕ್ಕೆ ಮಾಡಿದೆ. ಸವೇರಿಯಾರ್ ಎತ್ತಿದ. "ಜೆಸಿಂತಾಗೆ ಹೇಳಪ್ಪ, ಪಿನ್ನನ್ನ ತಿರುಗಿಸಿ ಹಾಕಬೇಕು, ತಪ್ಪು ವಡಿವುದು ಅಂತ" ಎಂದೆ. ಯಾವ ವಡಿವು, ಯಾಕೆ ಅಳುತ್ತಿದ್ದೀರಿ ಎಂದು ಕೇಳಿದ. ಗದ್ದಲದಲ್ಲಿದ್ದ, ಅರ್ಥವಾಯಿತೋ ಇಲ್ಲವೋ. ಹೇಳುತ್ತಾನೋ ಮರೆಯುತ್ತಾನೋ.

ಈ ಕಾಗದವನ್ನು ಮೊದಲು ಬೇರೆ ಥರ ಶುರು ಮಾಡಿದ್ದೆ. ಹಳೆಯ ಲ್ಯಾಪ್‌ಟಾಪ್‌ಗಳು ಹಾಗೇ, ಸವೇರಿಯಾರ್ ಹೇಳಿದ್ದು ಸರಿ, ಎಂದು ಅರ್ಧ ಹಾಳೆ ಚುಚ್ಚಿದೆ. ಎಷ್ಟು ಸುಲಭವಾಗಿ ಬಂತು ಗೊತ್ತೇ ಆ ಸುಳ್ಳು. ಹರಿದು ಹಾಕಿದೆ. ಹರಿದ ಮೇಲೆ ಇನ್ನೊಂದನ್ನೂ ಒಳಗಿಟ್ಟುಕೊಳ್ಳಲು ಆಗಲಿಲ್ಲ.

ಬ್ಯೂಲಾಳನ್ನು ಯಾವ ಅಧಿಕಾರಿಯೂ ನನಗೆ ಕೊಡಲಿಲ್ಲ. ನನ್ನ ಹುಡುಗಿ ಬಂದಿರಲಿಲ್ಲ. ಜೆಸಿಗೆ ಜ್ವರ, ಅವಳು ಬರುವುದಿಲ್ಲ ಎಂದು ಗೇಟಿನಲ್ಲಿ ಬ್ಯೂಲಾಳಿಗೆ ಸುಳ್ಳು ಹೇಳಿ ಒಳಗೆ ಕರೆದುಕೊಂಡು ಹೋದವಳು ನಾನೇ. ನಿನ್ನ ಕೆಲಸದಲ್ಲಿ ಕೂತು ಸಂಬಳ ತಿನ್ನುತ್ತಿದ್ದೇನೆ.

ವಡಿವು


ಮದುರೈ
16 ಫೆಬ್ರವರಿ 2025, ಸಂಜೆ

ಜೆಸೀ,

ಈಗಷ್ಟೇ ಮುಗಿಯಿತು. ಐದೂವರೆಯಿಂದ ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದೆ. ಅತ್ತೆ ಯಾರಿಗೆ ಸೀರಿಯಸ್ಸು ಎಂದು ಕೇಳಿದರು.

ಹಾಡು ನಿಂತಿತು. ಕಡಲ ವರದಿ, ಓದುವವರು ಜೆಸಿಂತಾ, ಎಂದರು. ಆಮೇಲೆ ಏನೂ ಇಲ್ಲ. ಏನೂ ಇಲ್ಲ ಜೆಸೀ. ಕುರ್ಚಿ ಕಿರ್ ಎಂದದ್ದು ಕೇಳಿತು. ನಾನು ಎಣಿಸಿದೆ, ಒಂಬತ್ತರವರೆಗೆ. ಸವೇರಿಯಾರ್ ಹೇಳಲಿಲ್ಲ, ನುಣುಪು ಪಟ್ಟಿಯ ಮೇಲೆ ನಿನ್ನ ಬೆರಳು ಹುಡುಕುತ್ತಿದೆ ಎಂದುಕೊಂಡೆ. ಎರಡನೇ ಸಲ ನಿನ್ನನ್ನು ಜಗಲಿಯಲ್ಲಿ ಕೂರಿಸಿದೆ ಎಂದು ನನ್ನ ಕೈಯನ್ನು ನಾನೇ ಕಚ್ಚಿಕೊಂಡೆ, ಗುರುತು ಇನ್ನೂ ಇದೆ.

ಆಗ ನಿನ್ನ ದನಿ ಬಂತು. "ನಾಳೆ ಯಾರೂ ಕಡಲಿಗೆ ಇಳಿಯಬೇಡಿ."

ಉಳಿದದ್ದು ನನಗೆ ಕೇಳಿಸಲೇ ಇಲ್ಲ, ಅಷ್ಟು ಅತ್ತುಬಿಟ್ಟೆ.

ವಡಿವು


ಪುನ್ನೈಕುಳಂ
3 ಮಾರ್ಚ್ 2025

ವಡಿವು,

ಎರಡು ಕಾಗದವೂ ಬಂದು ದಿನಗಳಾದವು. ಉತ್ತರಕ್ಕೆ ತಡವಾಯಿತು, ಕೆಲಸ ಜಾಸ್ತಿ. ವಾರದಲ್ಲಿ ನಾಲ್ಕು ಸಂಜೆ ನಾನೇ ಓದುತ್ತಿದ್ದೇನೆ.

ಆ ಒಂಬತ್ತು ಎಣಿಕೆಯ ವಿಷಯ ಹೇಳಿಬಿಡುತ್ತೇನೆ. ಚುಕ್ಕಿಗಳು ಸರಿಯಾಗೇ ಇದ್ದವು. ಮೊದಲ ಸಾಲೇ ಇಳಿಯಬೇಡಿ ಎಂದಿತ್ತು. ನೈಋತ್ಯದ ಕಚ್ಚಾನ್ ಗಾಳಿ, ಗಂಟೆಗೆ ಐವತ್ತೈದು ಕಿಲೋಮೀಟರ್, ಅಲೆ ಹತ್ತಡಿ. ಹೊರಗೆ ಮಾತ್ರ ಎಲೆಯೂ ಅಲ್ಲಾಡುತ್ತಿರಲಿಲ್ಲ. ನಾನು ಹೇಳಿದರೆ ನಗುತ್ತಾರೆ ಅನ್ನಿಸಿತು. ನನ್ನ ಬೆರಳನ್ನೇ ನಾನು ನಂಬದೆ ಎರಡನೇ ಸಲ ಓದಿದೆ, ಅಷ್ಟೇ. ಸೋಮವಾರ ಬೆಳಗ್ಗೆ ದಡದಲ್ಲಿ ಮಿಕ್ಕೇಲ್ ಅಣ್ಣಾಚಿ ಗೊಣಗುತ್ತಿದ್ದರಂತೆ, ಆದರೆ ದೋಣಿ ಇಳಿಸಿರಲಿಲ್ಲ. ಹತ್ತು ಗಂಟೆಗೆ ಗಾಳಿ ಎದ್ದಾಗ ನಮ್ಮ ಮನೆಯ ಹಂಚು ನಾಲ್ಕು ಹಾರಿದವು. ಮಧ್ಯಾಹ್ನ ಅಣ್ಣಾಚಿ ಒಂದು ಕರುವಾಡು ಕಟ್ಟು, ಅದೇ ಒಣಮೀನು, ತಂದು ಅಮ್ಮನ ಕೈಗೆ ಕೊಟ್ಟು ಹೋದರು.

ಇನ್ನೊಂದು ಹೇಳಬೇಕು. ಪಿನ್ನು ತಿರುಗಿಸಬೇಕೆಂಬುದು ನನಗೆ ಹದಿನಾಲ್ಕರ ಬೆಳಗ್ಗೆಯೇ ಗೊತ್ತಾಗಿತ್ತು. ಸಿಟ್ಟು ಬಂದು ಕಿತ್ತು ಮತ್ತೆ ಹಾಕಿದೆ, ಹಾಕಿದಾಗ ಮಗ್ಗುಲು ಬದಲಾಗಿತ್ತು. ಸರಿಯಾದ ಮಗ್ಗುಲಿಗೆ ಬಲೆಯ ದಾರ ಸುತ್ತಿ ಗಂಟು ಹಾಕಿದೆ. ಶನಿವಾರ ಸವೇರಿಯಾರ್ ಬಂದು, "ಯಾರೋ ವಡಿವು ಅಂತೆ ಅಕ್ಕಾ, ತಪ್ಪು ತನ್ನದಂತೆ, ಗೋಳೋ ಅಂತ ಅಳ್ತಿದ್ಲು" ಎಂದ. ಗೊತ್ತು ಬಿಡು ಎಂದೆ. ಆದರೂ ಅವನ ಬಾಯಲ್ಲಿ ಅದನ್ನು ಇನ್ನೊಂದು ಸಲ ಹೇಳಿಸಿ ಕೇಳಿದೆ. ಪಿನ್ನು ಸರಿಹೋದ ಮೇಲೆ ನಾನು ಕಾಯುತ್ತಿದ್ದದ್ದು ನಿನ್ನ ಕಾಗದಕ್ಕೆ. ನೀನು ಲ್ಯಾಪ್‌ಟಾಪನ್ನು ಬೈಯುತ್ತೀಯೋ, ನಿನ್ನನ್ನೋ ಎಂದು.

ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ. ಬರೆಯಲು ಆಗಲಿಲ್ಲ. ಆ ಜಗಲಿ, ಆ ಕಿಟಕಿ, ನಾಲ್ಕು ವರ್ಷದ ಬಲೆ, ಎಲ್ಲ ಇನ್ನೂ ಇಲ್ಲೇ ಇವೆ. ಸುಳ್ಳು ಬರೆಯುವುದು ಇಬ್ಬರಿಗೂ ಬೇಡ.

ಫೋನ್ ಈಗಲೂ ಬೇಡ. ಒಂದು ಕೆಲಸ ಮಾಡು. ನೀನು ಅವಸರದಲ್ಲಿ ತೆಳು ಹಾಳೆಯಲ್ಲಿ ಚುಚ್ಚಿದ್ದೀ. ಗೇಟಿನಲ್ಲಿ ಕರೆದುಕೊಂಡು ಹೋದವಳು ನಾನೇ ಎಂಬ ಆ ಸಾಲನ್ನು ದಿನಾ ಎಷ್ಟು ಸಲ ಓದುತ್ತೇನೋ ಗೊತ್ತಿಲ್ಲ, ಚುಕ್ಕಿಗಳು ಸವೆದು ಚಪ್ಪಟೆಯಾಗಿವೆ, ನಿನ್ನೆಯಿಂದ ಬೆರಳಿಗೆ ಸಿಗುತ್ತಿಲ್ಲ. ದಪ್ಪ ಹಾಳೆಯ ಮೇಲೆ ಅದೊಂದನ್ನು ಮತ್ತೆ ಬರೆದು ಕಳಿಸು.

ನಿನ್ನ
ಜೆಸಿ